ಹದಿನೇಳು ಜನ, ಒಂದು ಟೆಂಪೋ ಟ್ರಾವೆಲರ್, ಒಂದು ಸಮುದ್ರ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಬೀದರ್‌ನವರು, ಅಜ್ಜಿಯಿಂದ ಮೊಮ್ಮಕ್ಕಳ ತನಕ ಹದಿನೆಂಟು ಜನ, ಮನೆಯಲ್ಲಿ ಅರ್ಧ ಮಂದಿ ಸಮುದ್ರವನ್ನೇ ನೋಡಿಲ್ಲ. ಜಗಳ ಇಲ್ಲದೆ ಗೋಕರ್ಣಕ್ಕೆ ಹೋಗಿ ಬರೋದು ಹೇಗೆ, ಎಲ್ಲದಕ್ಕೂ ಕೊಂಕು ತೆಗೆಯೋ ದೊಡ್ಡಪ್ಪನ್ನ ಕರ್ಕೊಂಡು ಹೋಗೋದೋ ಬಿಡೋದೋ ಅಂತ ಕೇಳಿದ್ದೀರಿ. ನಾನು ಕಲಬುರಗಿಯವಳು, ಮನೆಗೆ ಹಿರಿ ಸೊಸೆ. ಕಳೆದ ವರ್ಷ ನಾವು ಹದಿನೇಳು ಜನ ಇದೇ ಗೋಕರ್ಣಕ್ಕೆ ಹೋಗಿ ಬಂದೆವು. ಜಗಳ ಆಯ್ತು. ಮೊದಲನೆಯದು ಜೇವರ್ಗಿ ಬರೋ ಮೊದಲೇ ಆಯ್ತು, ಕಿಟಕಿ ಸೀಟಿಗಾಗಿ. ಜಗಳ ಆಡಿದವರು ಮಕ್ಕಳಲ್ಲ.

ಮೊದಲು ದಾರಿ ಹೇಳಿಬಿಡ್ತೀನಿ. ಕಲಬುರಗಿಯಿಂದ ಜೇವರ್ಗಿ, ಸಿಂದಗಿ ಮೇಲೆ ವಿಜಯಪುರ. ಅಲ್ಲಿ ರಾಷ್ಟ್ರೀಯ ಹೆದ್ದಾರಿ 52 ಹಿಡಿದರೆ ಕೊಲ್ಹಾರ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲಾ ತನಕ ಅದೇ ರಸ್ತೆ. ಅಂಕೋಲಾದಿಂದ ಗೋಕರ್ಣ ಹತ್ತಿರ. ಒಟ್ಟು ಐನೂರು ಕಿಲೋಮೀಟರ್ ಆಸುಪಾಸು. ನೀವು ಬೀದರ್‌ನಿಂದ ಹೊರಡೋದಾದರೆ ಇನ್ನೊಂದು ನೂರ ಹತ್ತು ಸೇರಿಸ್ಕೊಳ್ಳಿ. ರಾತ್ರಿ ಒಂಬತ್ತಕ್ಕೆ ಮನೆ ಬಿಟ್ಟೆವು, ಬೆಳಿಗ್ಗೆ ಎಂಟೂವರೆಗೆ ಮುಟ್ಟಿದೆವು. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟ ಸಿಗುತ್ತೆ. ನಮ್ಮ ಕಡೆ ರಸ್ತೆ ಅಂದ್ರೆ ಹೊಲದ ನಡುವೆ ಎಳೆದ ಗೆರೆ ಇದ್ದ ಹಾಗೆ. ತಿರುವು ಅನ್ನೋದು ನಮ್ಮ ಹೊಟ್ಟೆಗೆ ಅಭ್ಯಾಸ ಇಲ್ಲ. ಹಿಂದಿನ ಸೀಟಿನಲ್ಲಿದ್ದ ನಾಲ್ಕೂ ಜನ ಸಾಲಾಗಿ ವಾಂತಿ ಮಾಡಿದರು. ವಾಂತಿ ಬರೋರನ್ನ ಮುಂದೆ ಕೂರಿಸಿ, ಘಟ್ಟ ಇಳಿಯೋ ಮೊದಲು ಯಾರಿಗೂ ಬೆಳಗಿನ ನಾಷ್ಟಾ ಕೊಡಬೇಡಿ. ನಾವು ಹುಬ್ಬಳ್ಳಿಯಲ್ಲಿ ನಾಲ್ಕು ಗಂಟೆಗೆ ಬಿಸಿ ಬಿಸಿ ಮಿರ್ಚಿ ಭಜಿ ತಿನ್ನಿಸಿದ್ದೆವು. ಯಾರ ಐಡಿಯಾ ಅಂತ ಕೇಳಬೇಡಿ, ನನ್ನ ಗಂಡನದ್ದು.

ಯಾವಾಗ ಹೋಗಬೇಕು ಅನ್ನೋದು ನೀವು ಕೇಳಿಲ್ಲ, ಆದರೆ ಅರ್ಧ ಜಗಳ ಅಲ್ಲೇ ಇದೆ. ನಮ್ಮ ಮಾವನ ತಮ್ಮ, ಅಂದ್ರೆ ಕಾಕಾ, ಹಳ್ಳಿಯಲ್ಲಿ ಒಕ್ಕಲುತನ ಮಾಡ್ತಾರೆ. ನಾವು ಮೊದಲು ಡಿಸೆಂಬರ್ ಕೊನೆಗೆ ಅಂತ ಇಟ್ಟಿದ್ದೆವು. ಆಫೀಸಿಗೆ ರಜೆ ಇತ್ತು, ಮಕ್ಕಳಿಗೂ ಹೇಗೋ ಹೊಂದಿಸಬಹುದಿತ್ತು. ಕಾಕಾ "ನೀವ್ ಹೋಗ್ರಿ, ನಮಗ ಆಗಂಗಿಲ್ಲ" ಅಂದುಬಿಟ್ಟರು. ತೊಗರಿ ಇನ್ನೂ ಹೊಲದಲ್ಲಿತ್ತು. ರಾಶಿ ಆಗಿಲ್ಲ, ಕೈಯಲ್ಲಿ ದುಡ್ಡಿಲ್ಲ. ಆ ಮಾತನ್ನ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಅತ್ತೆ ಮಾತ್ರ ಒಳಗೆ ಕರೆದು ತಿಳಿಸಿದರು. ದಿನ ಮುಂದೆ ಹಾಕಿ ಜನವರಿ ಕೊನೆಗೆ ಹೋದೆವು. ತೊಗರಿ ಮಾರಿ ಆಗಿತ್ತು, ಹಿಂಗಾರಿ ಜೋಳ ಕೊಯ್ಲಿಗೆ ಇನ್ನೂ ಟೈಮ್ ಇತ್ತು. ಕರಾವಳಿಯಲ್ಲೂ ಆಗ ಹವೆ ಚೆನ್ನಾಗಿರುತ್ತೆ. ಹೋಳಿ ಆದ ಮೇಲೆ ಬೇಡ, ಆಗ ಬರೋ ನಮ್ಮೂರ ಶರಣಬಸವೇಶ್ವರ ಜಾತ್ರೆ ಬಿಟ್ಟು ನಮ್ಮ ಮನೆಯವರು ಯಾರೂ ಎಲ್ಲಿಗೂ ಬರಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಂತೂ ಬೇಡವೇ ಬೇಡ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳೇ ಮೀನಿಗೆ ಇಳಿಯುವಂತಿಲ್ಲ.

ದುಡ್ಡಿನ ವಿಷಯಕ್ಕೆ ಬರ್ತೀನಿ. ತಲೆಗಿಷ್ಟು ಅಂತ ಸಮ ಹಂಚೋದು ಕೇಳೋಕೆ ನ್ಯಾಯ ಅನಿಸುತ್ತೆ. ಆದರೆ ಎರಡು ಸಂಬಳ ಬರೋ ಮನೆಗೂ ತೊಗರಿ ನಂಬಿದ ಮನೆಗೂ ಒಂದೇ ಲೆಕ್ಕ ಹೇಗೆ ಆಗುತ್ತೆ? ನಾವು ಹೀಗೆ ಮಾಡಿದೆವು. ಗಾಡಿ ಬಾಡಿಗೆ, ಡೀಸೆಲ್, ಡ್ರೈವರ್ ಭತ್ತೆ ನಮ್ಮ ಮನೆಯದು. ರೂಮು ಮೈದುನನದು. ಊಟ, ಚಹಾ, ದೋಣಿ, ಐಸ್‌ಕ್ರೀಮ್‌ಗೆ ಮಾತ್ರ ಎಲ್ಲರೂ ಸೇರಿ ಒಂದು ಡಬ್ಬಿಗೆ ಹಾಕಿದೆವು. ಡಬ್ಬಿ ಹಿಡಿದವಳು ನಾದಿನಿಯ ಮಗಳು, ಡಿಗ್ರಿ ಎರಡನೇ ವರ್ಷ. ದೊಡ್ಡವರ ಕೈಗೆ ಕೊಡಬೇಡಿ. ದೊಡ್ಡವರು ಹಿಸಾಬು ಕೇಳಿದರೆ ಸಿಟ್ಟಾಗ್ತಾರೆ, ಹುಡುಗರು ಕೇಳದಿದ್ದರೂ ಹೇಳ್ತಾರೆ. ಅವಳು ದಿನಾ ರಾತ್ರಿ ಎಲ್ಲರ ಎದುರು ಓದುತ್ತಿದ್ದಳು. "ಎಳನೀರು ಹದಿನಾಲ್ಕು, ಮಾಮಾ ಎರಡು ಕುಡ್ದಾರ" ಅಂತ.

ಇನ್ನು ರೂಮು. ಇಲ್ಲಿ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಗಂಡಸರೆಲ್ಲ ಸೇರಿ ಅಡುಗೆಮನೆ ಇರೋ ಹೋಂಸ್ಟೇ ಬುಕ್ ಮಾಡಿದ್ದರು. "ಮನಿ ಊಟ ಆದ್ರ ಛಲೋ, ಹೋಟೆಲ್ ಊಟ ಹೊಟ್ಟಿಗಿ ಆಗಲ್ಲ" ಅಂತ. ಸರಿ, ಮನೆ ಊಟ ಯಾರು ಮಾಡಬೇಕು? ಮೊದಲ ದಿನ ಸಂಜೆ ಸೂರ್ಯ ಮುಳುಗೋ ಹೊತ್ತಿಗೆ ನಾನು, ನೆಗೆಣ್ಣಿ, ಕಾಕಾನ ಹೆಂಡತಿ ಕಾಕು ಮೂವರೂ ಗ್ಯಾಸ್ ಒಲೆ ಮುಂದೆ. ಕಿಟಕಿಯಿಂದ ತೆಂಗಿನ ಮರ ಕಾಣ್ತಿತ್ತು. ಸಮುದ್ರದ ಸದ್ದು ಕೇಳ್ತಿತ್ತು. ನಾನು ಈರುಳ್ಳಿ ಹೆಚ್ಚುತ್ತಾ ಇದ್ದೆ. ಕುಕ್ಕರ್ ಎರಡನೇ ಸೀಟಿ ಹಾಕಿದಾಗ ಕಾಕು ಗ್ಯಾಸ್ ಆಫ್ ಮಾಡಿ ಸೆರಗಿಗೆ ಕೈ ಒರೆಸಿಕೊಂಡರು. "ನಡೀರಿ, ಇದನ್ನ ಕಲಬುರಗಿದಾಗೂ ಮಾಡ್ಬಹುದು" ಅಂದರು. ಮೂವರೂ ಚಪ್ಪಲಿ ಹಾಕ್ಕೊಂಡು ಹೊರಟುಬಿಟ್ಟೆವು. ಅರ್ಧ ಬೆಂದ ಬೇಳೆ ಹಾಗೇ ಇತ್ತು. ಗಂಡಸರು ಬಂದು ಏನು ಅಂದರೋ ನಮಗೆ ಗೊತ್ತಿಲ್ಲ, ನಾವು ನೀರಲ್ಲಿದ್ದೆವು. ಮೊಣಕಾಲ ತನಕ ಸೀರೆ ಎತ್ತಿ ಕಟ್ಟಿ, ಮೂವರೂ ಕೈ ಕೈ ಹಿಡಿದುಕೊಂಡು. ಆಮೇಲೆ ಎರಡು ದಿನ ಖಾನಾವಳಿ ಊಟ. ಯಾರ ಹೊಟ್ಟೆಗೂ ಏನೂ ಆಗಲಿಲ್ಲ. ಹಾಗಾಗಿ ನಿಮಗೆ ನನ್ನ ಸಲಹೆ, ಅಡುಗೆಮನೆ ಇಲ್ಲದ ಜಾಗ ನೋಡಿ. ಇದ್ದರೂ ಬೀಗ ಹಾಕ್ಸಿ.

ಬಾತ್‌ರೂಮ್ ಎಷ್ಟಿವೆ ಅಂತ ಮಾತ್ರ ಮರೀದೆ ಕೇಳಿ. ನಮಗೆ ಇದ್ದದ್ದು ಎರಡು. ಸಮುದ್ರದಿಂದ ಬಂದವರು ಉಪ್ಪು, ಮರಳು ತೊಳೆದುಕೊಳ್ಳೋಕೆ ತಲಾ ಇಪ್ಪತ್ತು ನಿಮಿಷ ತಗೋತಾರೆ. ಹದಿನೇಳು ಜನರ ಲೆಕ್ಕ ನೀವೇ ಹಾಕಿ.

ನಮ್ಮ ಕಡೆಯವರು ಅಲ್ಲಿಯ ಹವೆಗೆ ತಯಾರಿರಲ್ಲ. ನಮ್ಮದು ಒಣ ಬಿಸಿಲು. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದರೂ ನೆರಳಿಗೆ ಬಂದರೆ ಬೆವರು ಆರುತ್ತೆ, ಹಗ್ಗದ ಮೇಲೆ ಹಾಕಿದ ಸೀರೆ ಗಂಟೆಯೊಳಗೆ ಗರಿಗರಿ. ಅಲ್ಲಿ ಬಿಸಿಲು ನಮ್ಮಷ್ಟಿಲ್ಲ, ಆದರೆ ಗಾಳಿಯಲ್ಲೇ ನೀರು. ಟವೆಲ್ ಮೂರು ದಿನವೂ ಒಣಗಲಿಲ್ಲ. ದಿನಕ್ಕೊಂದು ಅಂತ ಹಳೇ ನೈಲಾನ್ ಸೀರೆ ತಗೊಂಡು ಹೋಗಿ, ಕಾಟನ್ ಒದ್ದೆಯಾದರೆ ಮರಳು ಹಿಡಿದು ಮಣಭಾರ ಆಗುತ್ತೆ.

ಎಲ್ಲಕ್ಕಿಂತ ದೊಡ್ಡ ಸಂಕಟ ರೊಟ್ಟಿಯದು. ಗಂಡನ ಅಜ್ಜಿಗೆ ನಾವೆಲ್ಲ ಆಯಿ ಅಂತೀವಿ. ವಯಸ್ಸು ಎಂಬತ್ತರ ಮೇಲೆ. ಅವರು ಒಂದು ವಾರ ಕೂತು ಮಾಡಿಸಿದ್ದ ಖಡಕ್ ರೊಟ್ಟಿ ನೂರ ಐವತ್ತು, ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಅಂದ್ರೆ ಚಟ್ನಿಪುಡಿ. ಬಿಳಿ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದರು. ಎರಡನೇ ದಿನ ಡಬ್ಬಿ ತೆಗೆದರೆ ರೊಟ್ಟಿ ಮುರಿಯಲಿಲ್ಲ. ಬಾಗಿತು. ಆಯಿ ಒಂದು ತೆಗೆದು ಕಿವಿ ಹತ್ತಿರ ಹಿಡಿದು ಮುರಿದು ನೋಡಿದರು. ಸಪ್ಪಳವೇ ಇಲ್ಲ. "ಯಪ್ಪಾ, ರೊಟ್ಟಿ ಸತ್ತಾವಲ್ಲೋ" ಅಂದವರು ಮಧ್ಯಾಹ್ನದ ತನಕ ಯಾರ ಹತ್ತಿರವೂ ಮಾತಾಡಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಹತ್ತು ಹತ್ತು ಹಾಕಿ ಗಾಳಿ ಆಡದ ಹಾಗೆ ಬಿಗಿ ಕಟ್ಟಿ, ಬೇಕಾದಾಗ ಒಂದೊಂದೇ ಕವರ್ ಬಿಚ್ಚಿ. ನಮಗೆ ಆಗ ಗೊತ್ತಿರಲಿಲ್ಲ.

ನೀರಿನ ವಿಷಯ ತಮಾಷೆ ಅಲ್ಲ. ನಮ್ಮ ಹುಡುಗರು ಬಾವಿಯಲ್ಲಿ ಈಜು ಕಲಿತವರು, ಭೀಮೆಯಲ್ಲಿ ಹಾರಿದವರು. "ವೈನಿ, ನಮಗೇನು ಹೇಳ್ತೀರಿ" ಅಂತ ಮೈದುನ ನಕ್ಕ. ಬಾವಿ ನೀರು ಎಳೆಯಲ್ಲ, ಸಮುದ್ರ ಎಳೆಯುತ್ತೆ. ಅಲೆ ದಂಡೆಗೆ ತಂದು ಸುರಿದ ನೀರು ಎಲ್ಲೋ ಒಂದು ಕಡೆ ಕಾಲುವೆ ಹಾಗೆ ವಾಪಸ್ ಹೋಗಬೇಕಲ್ವಾ? ಆ ಜಾಗದಲ್ಲಿ ಅಲೆ ಒಡೆಯೋದು ಕಡಿಮೆ. ನೋಡೋಕೆ ಶಾಂತ. ಹೊಸಬರು ಅಲ್ಲೇ ಇಳಿಯೋದು. ಸಿಕ್ಕಿಬಿದ್ದರೆ ದಂಡೆ ಕಡೆ ನೇರ ಈಜಬಾರದು, ಸುಸ್ತಾಗಿ ಮುಳುಗ್ತೀರಿ. ದಂಡೆಗೆ ಸಮವಾಗಿ ಪಕ್ಕಕ್ಕೆ ಈಜಿ ಹೊರಬಂದು, ಆಮೇಲೆ ತಿರುಗಬೇಕು. ಇದನ್ನ ನಮಗೆ ಹೇಳಿದ್ದು ಸೀಟಿ ಹಿಡಿದು ನಿಂತಿದ್ದ ಜೀವರಕ್ಷಕ ಹುಡುಗ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹುಡುಗಿಯರು ನೀರುಪಾಲಾದರು. ಅದಾದ ಮೇಲೆ ಮೈದುನನೂ ನಗಬಾರದಿತ್ತು. ಮೊಣಕಾಲು ಅಂದರೆ ಮೊಣಕಾಲೇ. ನಿಮ್ಮಲ್ಲಿ ಒಬ್ಬರು ಸದಾ ದಡದಲ್ಲಿ ಕೂತು ತಲೆ ಎಣಿಸ್ತಾ ಇರಲಿ, ಕೈಯಲ್ಲಿ ಫೋನ್ ಇಲ್ಲದೆ.

ಯಾವ ಬೀಚ್ ಅಂದ್ರೆ, ಅಜ್ಜಿ ಇದ್ದಾರೆ ಅಂತೀರಿ, ಗೋಕರ್ಣದ ಊರ ಮುಂದಿನ ದೊಡ್ಡ ಬೀಚೇ ಸಾಕು. ಮಹಾಬಲೇಶ್ವರ ದೇವಸ್ಥಾನದಿಂದ ನಡೆದೇ ಹೋಗಬಹುದು. ಕುಡ್ಲೆ, ಓಂ ಬೀಚ್ ಚೆಂದ, ಆದರೆ ಮೆಟ್ಟಿಲು ಇಳಿಯಬೇಕು, ಮತ್ತೆ ಹತ್ತಬೇಕು. ಮಂಡಿ ನೋವಿನವರಿಗೆ ಆ ಹತ್ತೋದೇ ಶಿಕ್ಷೆ. ಮುರುಡೇಶ್ವರದ 123 ಅಡಿ ಶಿವನನ್ನ ಒಂದು ದಿನ ಹೋಗಿ ನೋಡಿ ಬನ್ನಿ, ಮಕ್ಕಳಿಗೆ ಖುಷಿ. ದಾರಿಯಲ್ಲಿ ಹೊನ್ನಾವರದಲ್ಲಿ ಶರಾವತಿ ಹಿನ್ನೀರಿನ ದೋಣಿ ಸಿಗುತ್ತೆ. ಅಷ್ಟು ಸಾಕು. ದಿನಕ್ಕೆ ಐದು ಜಾಗ ಅಂತ ಪಟ್ಟಿ ಮಾಡೋ ಒಬ್ಬರು ನಿಮ್ಮ ಮನೆಯಲ್ಲೂ ಇದ್ದೇ ಇರ್ತಾರೆ, ಅವರ ಮಾತು ಕೇಳಬೇಡಿ.

ನಿಜ ಹೇಳಬೇಕಂದ್ರೆ, ನಮ್ಮ ಜಗಳಗಳೆಲ್ಲ ಆಗಿದ್ದು ಹದಿನೇಳೂ ಜನ ಒಂದೇ ಕೆಲಸ ಮಾಡೋಕೆ ಹೊರಟಾಗ. ಒಬ್ಬರಿಗೆ ದೇವಸ್ಥಾನ, ಒಬ್ಬರಿಗೆ ನಿದ್ದೆ, ನಾದಿನಿಯ ಗಂಡನಿಗೆ ಮೀನು. ನಮ್ಮದು ಕಾಯಿಪಲ್ಯದ ಮನೆ, ಅವರು ಹೊರಗೆ ತಿಂತಾರೆ ಅಂತ ಎಲ್ಲರಿಗೂ ಗೊತ್ತು, ಯಾರೂ ಗೊತ್ತಿದೆ ಅಂತ ತೋರಿಸಿಕೊಳ್ಳಲ್ಲ. ಎರಡನೇ ದಿನ "ಚಾರ್ಜರ್ ತರ್ತೀನಿ" ಅಂತ ಹೋಗಿ ಎರಡು ಗಂಟೆ ಬಿಟ್ಟು ಬಂದರು. ಚಾರ್ಜರ್ ತಂದಿರಲಿಲ್ಲ. ಆಯಿ ಮೂಗು ಏರಿಸಿ ಒಮ್ಮೆ ನೋಡಿ, ಆ ಕಡೆ ತಿರುಗಿ ಕೂತರು. ಅಷ್ಟೇ. ಬೆಳಗಿನಿಂದ ಮಧ್ಯಾಹ್ನದ ತನಕ ಯಾರು ಎಲ್ಲಿ ಬೇಕಾದರೂ ಹೋಗಲಿ, ಸಂಜೆ ದಡದಲ್ಲಿ ಮಾತ್ರ ಎಲ್ಲರೂ ಇರಲಿ.

ಅಂಥ ಒಂದು ಸಂಜೆ ಆಯಿಯನ್ನ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರಿಸಿದ್ದೆವು. ಅವರು ಅಲ್ಲಿ ತನಕ ಕಂಡಿದ್ದ ದೊಡ್ಡ ನೀರು ಅಂದ್ರೆ ಗಾಣಗಾಪುರದ ಸಂಗಮ. ಅಲ್ಲಿ ಆಚೆ ದಂಡೆ ಕಾಣುತ್ತೆ, ದನ ಮೇಯೋದು ಕಾಣುತ್ತೆ. ಬಹಳ ಹೊತ್ತು ನೋಡಿ "ಇದರ ಆ ದಂಡಿಗಿ ಯಾವೂರು ಅದ?" ಅಂತ ಕೇಳಿದರು. ಮೊಮ್ಮಗ ಮೊಬೈಲ್ ಮ್ಯಾಪ್ ನೇರ ಪಶ್ಚಿಮಕ್ಕೆ ಎಳೆದ. ಯೆಮೆನ್ ದೇಶದ ಮುಕಲ್ಲಾ ಅಂತ ಊರು ಬಂತು. ಆಯಿ ತಲೆ ಆಡಿಸಿದರು. "ಅಲ್ಲೂ ಯಾರರ ಹಿಂಗೇ ಕುಂತಿರಬೇಕು" ಅಂದರು. ಆಮೇಲೆ ಅವರಿಗೆ ಮಳೆ ಇದೆಯೋ ಇಲ್ಲವೋ, ಜೋಳ ಬೆಳೀತಾರೋ ಇಲ್ಲವೋ ಅಂತ ಕೇಳ್ತಾ ಹೋದರು. ಉತ್ತರ ಕೊಟ್ಟು ಕೊಟ್ಟು ಹುಡುಗನ ಬ್ಯಾಟರಿ ಖಾಲಿ ಆಯ್ತು.

ವಾಪಸ್ ಬರೋವಾಗ ಹಗಲು ಹೊರಡಿ. ಕೊಲ್ಹಾರದಲ್ಲಿ ಕೃಷ್ಣೆಯ ಉದ್ದ ಸೇತುವೆ ಹತ್ತಿರ ಮಣ್ಣಿನ ಗಡಿಗೆಯಲ್ಲಿ ಗಟ್ಟಿ ಮೊಸರು ಮಾರ್ತಾರೆ. ಅಲ್ಲಿ ಮಧ್ಯಾಹ್ನ ಗಾಡಿ ನಿಲ್ಲಿಸಿದೆವು. ಆಯಿ ಡಬ್ಬಿಯಲ್ಲಿ ಉಳಿದಿದ್ದ ರೊಟ್ಟಿಯನ್ನೆಲ್ಲ ಬಟ್ಟೆ ಹಾಸಿ ಬಿಸಿಲಿಗೆ ಹರವಿದರು. ನಾವು ಬ್ಯಾಡ್ರಿ ಅಂದೆವು, ಕೇಳಲಿಲ್ಲ. ಮುಕ್ಕಾಲು ಗಂಟೆ ಆದ ಮೇಲೆ ಒಂದು ಎತ್ತಿ ಮುರಿದರು. ಕಟುಂ ಅಂತು. ಆ ಮೊಸರು, ಆ ಶೇಂಗಾ ಹಿಂಡಿ, ಆ ರೊಟ್ಟಿ. ಡ್ರೈವರ್ ನಾಲ್ಕು ತಿಂದ. ಕಿಟಕಿ ಸೀಟಿಗೆ ಜಗಳ ಆಡಿದ್ದ ಇಬ್ಬರೂ ಒಂದೇ ಗಡಿಗೆಗೆ ಕೈ ಹಾಕಿದ್ದರು.

ನಿಮ್ಮ ದೊಡ್ಡಪ್ಪನ ವಿಷಯ. ನಮ್ಮ ಮನೆಯಲ್ಲಿ ಆ ಪಾತ್ರ ಮಾವನವರದ್ದು. ಹೋಗೋ ದಾರಿಯಲ್ಲಿ ರಸ್ತೆ ಸರಿ ಇಲ್ಲ, ಚಹಾ ನೀರು, ಫ್ಯಾನ್ ಸಪ್ಪಳ, ಸಮುದ್ರ ಬಹಳ ಗದ್ದಲ ಅಂತ ಎಲ್ಲ ಆಯ್ತು. ಮುಂಜಾನೆ ನಾಲ್ಕೂವರೆಗೆ ಎದ್ದು ಫೋನ್‌ನಲ್ಲಿ ವಚನ ಜೋರಾಗಿ ಹಚ್ಚಿ ಎಲ್ಲರನ್ನೂ ಎಬ್ಬಿಸ್ತಿದ್ದರು. ಈಗ ಮನೆಗೆ ಯಾರು ಬಂದರೂ ಮೊದಲು ಗೋಕರ್ಣದ ಕಥೆ ಹೇಳೋರು ಅವರೇ, ನಾವು ಪಕ್ಕದಲ್ಲಿ ಕೂತು ಊರ ಹೆಸರು ತಿದ್ದುತ್ತೀವಿ. ಕರ್ಕೊಂಡು ಹೋಗಿ. ಡ್ರೈವರ್ ಪಕ್ಕದ ಸೀಟು ಕೊಡಿ, ಬೈಯೋಕೆ ರಸ್ತೆ ಇರುತ್ತೆ. ಮಲಗೋಕೆ ಮಾತ್ರ ಬೇರೆ ರೂಮು ಮಾಡಿ, ಗೊರಕೆ ಹೊಡೆಯೋರ ಜೊತೆ.