ಹಣಕಾಸು ಪ್ರಶ್ನೋತ್ತರ: ಗಣಿತದ ಮೇಷ್ಟ್ರು ಕಟ್ಟಿದ ಹೆಡ್ಜ್ ಫಂಡ್

ಅಮೆರಿಕದ ಗಣಿತಜ್ಞ ಹಾಗೂ ಹೆಡ್ಜ್ ಫಂಡ್ ವ್ಯವಸ್ಥಾಪಕ ಜಿಮ್ ಸೈಮನ್ಸ್ (1938–2024) ಅವರ ಬಗ್ಗೆ ಓದುಗರು ಬರೆದು ಕೇಳಿರುವ ಪ್ರಶ್ನೆಗಳಿಗೆ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಹೆಡ್ಜ್ ಫಂಡ್ ಎಂದರೇನು? ನಮ್ಮ ಮ್ಯೂಚುವಲ್ ಫಂಡಿಗೂ ಅದಕ್ಕೂ ಏನು ವ್ಯತ್ಯಾಸ? – ಹಾಸನದ ಓದುಗರು

ಉತ್ತರ: ಹೆಡ್ಜ್ ಎಂದರೆ ಬೇಲಿ. 1949ರಲ್ಲಿ ಆಲ್ಫ್ರೆಡ್ ವಿನ್‌ಸ್ಲೋ ಜೋನ್ಸ್ ಎಂಬ ಸಮಾಜಶಾಸ್ತ್ರಜ್ಞರು ಒಂದು ಲಕ್ಷ ಡಾಲರ್ ಬಂಡವಾಳದಿಂದ ಆರಂಭಿಸಿದ ಫಂಡ್ ಈ ಬಗೆಯ ಮೊದಲನೆಯದು ಎನ್ನುತ್ತಾರೆ. ಬೆಲೆ ಏರಬಹುದೆನಿಸಿದ ಷೇರುಗಳನ್ನು ಅವರು ಕೊಳ್ಳುತ್ತಿದ್ದರು. ಇಳಿಯಬಹುದೆನಿಸಿದ ಷೇರುಗಳನ್ನು ಎರವಲು ತಂದು ಮೊದಲೇ ಮಾರಿ, ಬೆಲೆ ಇಳಿದ ಮೇಲೆ ಕೊಂಡು ಹಿಂದಿರುಗಿಸುತ್ತಿದ್ದರು. ಪೇಟೆ ಒಟ್ಟಾರೆ ಕುಸಿದಾಗ ಈ ಎರಡನೆಯ ವ್ಯಾಪಾರ ಮೊದಲನೆಯದಕ್ಕೆ ಬೇಲಿಯಾಗುತ್ತಿತ್ತು. ಮ್ಯೂಚುವಲ್ ಫಂಡಿನಂತಲ್ಲದೆ ಇಂತಹ ಫಂಡುಗಳು ಸಿರಿವಂತರಿಂದ ಮಾತ್ರ ಹಣ ಪಡೆಯುತ್ತವೆ, ಸಾಲ ತಂದೂ ವಹಿವಾಟು ನಡೆಸುತ್ತವೆ, ಲಾಭದಲ್ಲಿ ದೊಡ್ಡ ಪಾಲು ಕೇಳುತ್ತವೆ. ಭಾರತದಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮದಂತೆ ಇವು ಮೂರನೇ ವರ್ಗದ ಪರ್ಯಾಯ ಹೂಡಿಕೆ ನಿಧಿಗಳು. ಸಾಮಾನ್ಯವಾಗಿ ಕನಿಷ್ಠ ಒಂದು ಕೋಟಿ ರೂಪಾಯಿ ಇಲ್ಲದೆ ಇವುಗಳಲ್ಲಿ ಹೂಡಲಾಗದು.

ಪ್ರಶ್ನೆ: ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಹಣದ ಪೇಟೆಗೆ ಬಂದದ್ದು ಹೇಗೆ? ಪಾಠ ಹೇಳುವುದು ಬೇಸರವಾಗಿತ್ತೇ? – ಧಾರವಾಡದ ಓದುಗರು, ನಿವೃತ್ತ ಅಧ್ಯಾಪಕರು

ಉತ್ತರ: ಬೇಸರಕ್ಕಿಂತ ಹೆಚ್ಚಾಗಿ, ಒಂದೇ ಕಡೆ ನಿಲ್ಲದ ಸ್ವಭಾವ ಎನ್ನುವುದು ಸರಿಯಾದೀತು. ಮ್ಯಾಸಚೂಸೆಟ್ಸಿನಲ್ಲಿ ಶೂ ಕಾರ್ಖಾನೆಯೊಂದನ್ನು ನೋಡಿಕೊಳ್ಳುತ್ತಿದ್ದವರ ಮಗನಾಗಿ ಹುಟ್ಟಿದ ಸೈಮನ್ಸ್, 1958ರಲ್ಲಿ ಎಂಐಟಿಯಿಂದ (ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ) ಪದವಿ ಪಡೆದು, 1961ರಲ್ಲಿ ತಮ್ಮ 23ನೇ ವಯಸ್ಸಿಗೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಡಾಕ್ಟರೇಟ್ ಮುಗಿಸಿದರು. ಅಲ್ಲಿ ಓದುತ್ತಿದ್ದಾಗಲೇ, ಮದುವೆಗೆ ಉಡುಗೊರೆಯಾಗಿ ಬಂದ ಹಣವನ್ನು ಸೋಯಾಬೀನಿನ ವಾಯಿದಾ ವ್ಯಾಪಾರದಲ್ಲಿ (ಮುಂದಿನ ದಿನಾಂಕದ ಸರಕಿಗೆ ಇಂದೇ ಬೆಲೆ ಕುದುರಿಸುವ ವಹಿವಾಟು) ತೊಡಗಿಸಿ, ಲಾಭ ನಷ್ಟ ಎರಡರ ರುಚಿಯನ್ನೂ ಕಂಡಿದ್ದರು. 1964ರಲ್ಲಿ ಪ್ರಿನ್ಸ್‌ಟನ್ನಿನ ರಕ್ಷಣಾ ವಿಶ್ಲೇಷಣಾ ಸಂಸ್ಥೆಯಲ್ಲಿ ಗೂಢಲಿಪಿ ಭೇದಿಸುವ ಕೆಲಸಕ್ಕೆ ಸೇರಿದರು. ಗದ್ದಲದಂತೆ ಕಾಣುವ ಅಕ್ಷರಗಳ ರಾಶಿಯಲ್ಲಿ ಅಡಗಿರುವ ಕ್ರಮವನ್ನು ಹುಡುಕುವ ಈ ವಿದ್ಯೆಯೇ ಮುಂದೆ ಅವರ ಬದುಕಿಗೆ ಅನ್ನವಾಯಿತು ಎಂದು ನಾನು ಭಾವಿಸುತ್ತೇನೆ.

ಆ ಸಂಸ್ಥೆಯ ಮುಖ್ಯಸ್ಥರಾಗಿದ್ದ ಜನರಲ್ ಮ್ಯಾಕ್ಸ್‌ವೆಲ್ ಟೇಲರ್ ವಿಯೆಟ್ನಾಂ ಯುದ್ಧವನ್ನು ಸಮರ್ಥಿಸಿ ಪತ್ರಿಕೆಯಲ್ಲಿ ಬರೆದಾಗ, ಸೈಮನ್ಸ್ ಅದನ್ನು ವಿರೋಧಿಸಿ ಸಂಪಾದಕರಿಗೆ ಪತ್ರ ಬರೆದರು. ಬಳಿಕ ವರದಿಗಾರರೊಬ್ಬರ ಮುಂದೆಯೂ ಅದೇ ನಿಲುವನ್ನು ಹೇಳಿದ್ದರಿಂದ 1968ರಲ್ಲಿ ಕೆಲಸ ಕಳೆದುಕೊಂಡರು. ಆಗ ಅವರ ಮನೆಯಲ್ಲಿ ಮೂವರು ಮಕ್ಕಳಿದ್ದರು ಎಂಬುದನ್ನು ಮರೆಯಬಾರದು. ಅದೇ ವರ್ಷ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯವು 30ರ ಹರೆಯದ ಅವರನ್ನು ಗಣಿತ ವಿಭಾಗದ ಮುಖ್ಯಸ್ಥರನ್ನಾಗಿ ಕರೆಸಿಕೊಂಡಿತು. 1974ರಲ್ಲಿ ಹಿರಿಯ ರೇಖಾಗಣಿತಜ್ಞ ಷಿಂಗ್-ಷೆನ್ ಚರ್ನ್ ಅವರೊಂದಿಗೆ ಪ್ರಕಟಿಸಿದ ಪ್ರಬಂಧದಿಂದ ಬಂದ ಚರ್ನ್-ಸೈಮನ್ಸ್ ಸಿದ್ಧಾಂತ ಇಂದು ಭೌತವಿಜ್ಞಾನದಲ್ಲೂ ನಿತ್ಯ ಬಳಕೆಯಲ್ಲಿದೆ. 1976ರಲ್ಲಿ ರೇಖಾಗಣಿತದ ದೊಡ್ಡ ಗೌರವವಾದ ವೆಬ್ಲೆನ್ ಪ್ರಶಸ್ತಿಯೂ ಅವರಿಗೆ ಸಂದಿತು. ಎರಡೇ ವರ್ಷಗಳ ಬಳಿಕ, 40ನೇ ವಯಸ್ಸಿನಲ್ಲಿ, ಅಧ್ಯಾಪನವನ್ನು ಬಿಟ್ಟು, ವಿಶ್ವವಿದ್ಯಾಲಯದ ಹತ್ತಿರದ ಅಂಗಡಿ ಸಾಲೊಂದರಲ್ಲಿ ಸಣ್ಣ ಕಚೇರಿ ತೆರೆದು ವಿದೇಶಿ ಕರೆನ್ಸಿಗಳನ್ನು ಕೊಂಡು ಮಾರುವ ವ್ಯಾಪಾರಕ್ಕೆ ಇಳಿದರು. 1982ರಲ್ಲಿ ಕಂಪನಿಗೆ ರೆನೆಸಾನ್ಸ್ ಟೆಕ್ನಾಲಜೀಸ್ ಎಂದು ಹೆಸರಾಯಿತು.

ಪ್ರಶ್ನೆ: ಅವರ ಮೆಡಾಲಿಯನ್ ಫಂಡ್ ಮೂವತ್ತು ವರ್ಷ ಸತತವಾಗಿ ಲಾಭ ಗಳಿಸಿತೆಂದು ಕೇಳಿದ್ದೇನೆ. ಆ ಗುಟ್ಟು ಏನು? – ಮಂಗಳೂರಿನ ಓದುಗರು

ಉತ್ತರ: 1988ರಲ್ಲಿ ಆರಂಭವಾದ ಮೆಡಾಲಿಯನ್, 2018ರವರೆಗಿನ ಅವಧಿಯಲ್ಲಿ ಶುಲ್ಕ ಕಳೆಯುವ ಮುನ್ನ ವರ್ಷಕ್ಕೆ ಸರಾಸರಿ ಶೇ 66ರಷ್ಟು, ಶುಲ್ಕ ಕಳೆದ ಮೇಲೂ ಶೇ 39ರಷ್ಟು ಗಳಿಸಿತು. ಜಗತ್ತಿನ ಷೇರುಪೇಟೆಗಳೆಲ್ಲ ಕುಸಿದ 2008ರಲ್ಲೂ ಅದು ದೊಡ್ಡ ಲಾಭದಲ್ಲಿತ್ತು. ಆದರೆ ‘ಸತತ’ ಎಂಬ ಮಾತನ್ನು ಸ್ವಲ್ಪ ತಿದ್ದಬೇಕು. ಮೆಡಾಲಿಯನ್ ಹುಟ್ಟುವ ಮುಂಚಿನ ಮೊದಲ ಹತ್ತು ವರ್ಷ ಸೈಮನ್ಸ್ ಅವರೂ ಅರ್ಧ ಲೆಕ್ಕ, ಅರ್ಧ ಊಹೆ ಎಂಬಂತೆಯೇ ವ್ಯಾಪಾರ ಮಾಡಿದ್ದರು. ಊಹೆಯ ವ್ಯಾಪಾರದಲ್ಲಿ ಒಂದು ದಿನ ತಾನೇ ಜಾಣನೆನಿಸಿ, ಮರುದಿನವೇ ದಡ್ಡನೆನಿಸುವ ಸಂಕಟವನ್ನು ಅವರು ಸಂದರ್ಶನಗಳಲ್ಲಿ ಮುಚ್ಚಿಡದೆ ಹೇಳಿಕೊಂಡಿದ್ದಾರೆ. ಮೆಡಾಲಿಯನ್ ಕೂಡ 1989ರಲ್ಲಿ ತನ್ನ ಮೇಲ್ಮಟ್ಟದಿಂದ ಸುಮಾರು ಶೇ 30ರಷ್ಟು ಕುಸಿಯಿತು. ಸೈಮನ್ಸ್ ವ್ಯಾಪಾರ ನಿಲ್ಲಿಸಿದರು. ಅದನ್ನು ನಡೆಸುತ್ತಿದ್ದ ಗಣಿತಜ್ಞ ಜೇಮ್ಸ್ ಆಕ್ಸ್ ಹೊರನಡೆದರು. ಎಲ್ವಿನ್ ಬರ್ಲೆಕ್ಯಾಂಪ್ ಎಂಬ ಇನ್ನೊಬ್ಬ ಗಣಿತಜ್ಞರು ಪದ್ಧತಿಯನ್ನು ಬುಡದಿಂದ ತಿದ್ದಿ, ವಾರಗಟ್ಟಲೆ ಹಿಡಿದಿಡುತ್ತಿದ್ದ ವಹಿವಾಟುಗಳನ್ನು ಕೆಲವೇ ದಿನಗಳಿಗೆ ಇಳಿಸಿದರು. 1990ರಲ್ಲಿ ಫಂಡ್ ಶುಲ್ಕ ಕಳೆದು ಶೇ 55ಕ್ಕೂ ಹೆಚ್ಚು ಲಾಭ ಕಂಡಿತು.

ಆ ಬದಲಾವಣೆಯ ತಿರುಳನ್ನು ನಾಣ್ಯದ ಲೆಕ್ಕದಿಂದ ನೋಡೋಣ. ನೂರು ಸಲ ಚಿಮ್ಮಿದರೆ ಸರಾಸರಿ 51 ಸಲ ನಿಮ್ಮ ಪರವಾಗಿ ಬೀಳುವ ನಾಣ್ಯವೊಂದು ನಿಮ್ಮಲ್ಲಿದೆ, ಪ್ರತಿ ಸಲ ನೂರು ರೂಪಾಯಿ ಪಣ ಎಂದಿಟ್ಟುಕೊಳ್ಳಿ. ಹತ್ತು ಸಲ ಚಿಮ್ಮಿದರೆ ಗೆಲುವೋ ಸೋಲೋ ಅದೃಷ್ಟಕ್ಕೆ ಬಿಟ್ಟದ್ದು. ಆದರೆ ಹತ್ತು ಸಾವಿರ ಸಲ ಚಿಮ್ಮಿದರೆ ಸರಾಸರಿ 5,100 ಗೆಲುವು, 4,900 ಸೋಲು. ಉಳಿಯುವುದು 20,000 ರೂಪಾಯಿ. ಅಷ್ಟೇ ಅಲ್ಲ, ಇಂತಹ ಹತ್ತು ಸಾವಿರದ ಸುತ್ತನ್ನು ನೂರು ಬಾರಿ ಆಡಿದರೆ ಸುಮಾರು 97 ಬಾರಿ ನೀವು ಲಾಭದಲ್ಲೇ ಎದ್ದು ಬರುತ್ತೀರಿ. ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚಿನ ಅನುಕೂಲವನ್ನು ಕಂಡುಹಿಡಿದು, ಅದನ್ನು ಸಾವಿರಾರು ವಹಿವಾಟುಗಳಲ್ಲಿ ದಿನವೂ ಮರುಕಳಿಸುವುದೇ ಮೆಡಾಲಿಯನ್ನಿನ ಕಸುಬು. ಹನಿಗೂಡಿದರೆ ಹಳ್ಳ ಎಂಬ ನಮ್ಮ ಮಾತು ಇಲ್ಲಿ ಅಕ್ಷರಶಃ ನಿಜ. ಸಾಲದ ಬಲವೂ ಸೇರಿದಾಗ ಆ ಹಳ್ಳ ಹೊಳೆಯಾಯಿತು.

ಆ ಕೂದಲೆಳೆಯನ್ನು ಹುಡುಕಲು ಪಟ್ಟ ಶ್ರಮವನ್ನೂ ಹೇಳಬೇಕು. ಹಳೆಯ ಬಡ್ಡಿದರಗಳ ದಾಖಲೆ ಆ ಕಾಲದಲ್ಲಿ ಕಂಪ್ಯೂಟರಿನಲ್ಲಿ ಸಿಗುತ್ತಿರಲಿಲ್ಲವಾದ್ದರಿಂದ, ಸೈಮನ್ಸ್ ತಮ್ಮ ಜನರನ್ನು ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವಿನ ನ್ಯೂಯಾರ್ಕ್ ಕಚೇರಿಗೆ ಕಳುಹಿಸಿ ಆ ಅಂಕಿಗಳನ್ನು ಕೈಯಲ್ಲಿ ಬರೆಸಿಕೊಂಡು ತರಿಸಿದ್ದರು. ವಾಲ್‌ಸ್ಟ್ರೀಟಿನಲ್ಲಿ ಪಳಗಿದವರನ್ನು ಬಿಟ್ಟು ಗಣಿತ, ಭೌತವಿಜ್ಞಾನ, ಖಗೋಳವಿಜ್ಞಾನ, ಸಂಖ್ಯಾಶಾಸ್ತ್ರ ಬಲ್ಲವರನ್ನೇ ಅವರು ಸೇರಿಸಿಕೊಂಡರು. 1993ರಲ್ಲಿ ಐಬಿಎಂನಿಂದ ಬಂದ ಪೀಟರ್ ಬ್ರೌನ್ ಮತ್ತು ರಾಬರ್ಟ್ ಮರ್ಸರ್, ಮಾತನ್ನು ಗುರುತಿಸುವ ಮತ್ತು ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದಿಸುವ ಯಂತ್ರಗಳ ಮೇಲೆ ಕೆಲಸ ಮಾಡಿದವರು. ಹಿಂದಿನ ಪದಗಳಿಂದ ಮುಂದಿನ ಪದವನ್ನು ಅಂದಾಜು ಮಾಡುವ ಲೆಕ್ಕವು ಬೆಲೆಗಳ ಸಾಲಿಗೂ ಒಗ್ಗಿತು. ಅಲ್ಲಿನ ವಿಜ್ಞಾನಿಗಳೆಲ್ಲ ಒಂದೇ ಗಣಿತ ಮಾದರಿಯ (ಮಾಡೆಲ್) ಮೇಲೆ ಕೆಲಸ ಮಾಡುತ್ತಿದ್ದರು. ಒಬ್ಬರ ಶೋಧ ಇನ್ನೊಬ್ಬರಿಗೆ ತೆರೆದೇ ಇರುತ್ತಿತ್ತು, ಲಾಭದಲ್ಲಿ ಎಲ್ಲರಿಗೂ ಪಾಲಿತ್ತು. ನನ್ನ ದೃಷ್ಟಿಯಲ್ಲಿ ಸೈಮನ್ಸ್ ಅವರ ನಿಜವಾದ ಪ್ರತಿಭೆ ಕಾಣುವುದು ಇಲ್ಲಿಯೇ. ಸೂತ್ರಗಳನ್ನು ಬಹುಪಾಲು ಬೇರೆಯವರು ಬರೆದರು. ಒಳ್ಳೆಯ ಗಣಿತ ವಿಭಾಗವನ್ನು ನಡೆಸಿದ ಅನುಭವದಿಂದ ಅಂಥವರನ್ನು ಒಂದೆಡೆ ಕೂಡಿಸಿ ದಶಕಗಟ್ಟಲೆ ಹಿಡಿದಿಟ್ಟವರು ಅವರು.

ಪ್ರಶ್ನೆ: ಹೊರಗಿನವರು ಮೆಡಾಲಿಯನ್ನಿನಲ್ಲಿ ಹಣ ಹೂಡಬಹುದೇ? – ಬಳ್ಳಾರಿಯ ಓದುಗರು

ಉತ್ತರ: ಇಲ್ಲ. 1993ರಲ್ಲೇ ಹೊಸಬರಿಗೆ ಬಾಗಿಲು ಮುಚ್ಚಿತು, 2005ರ ಹೊತ್ತಿಗೆ ಹಳೆಯ ಹೊರಗಿನವರ ಹಣವನ್ನೂ ಹಿಂದಿರುಗಿಸಲಾಯಿತು. ಅಂದಿನಿಂದ ಅದು ನೌಕರರ ಮತ್ತು ಅವರಿಗೆ ತೀರಾ ಹತ್ತಿರದವರ ಫಂಡ್. ಇದಕ್ಕೆ ಜಿಪುಣತನವೊಂದೇ ಕಾರಣವಲ್ಲ. ದೊಡ್ಡ ಮೊತ್ತದಲ್ಲಿ ಕೊಳ್ಳಲು ಹೋದರೆ ಆ ಖರೀದಿಯೇ ಬೆಲೆಯನ್ನು ಮೇಲೆತ್ತುತ್ತದೆ, ಸಣ್ಣ ಅನುಕೂಲ ಅಲ್ಲಿಗೇ ಕರಗುತ್ತದೆ. ಆದ್ದರಿಂದ ಫಂಡಿನ ಗಾತ್ರವನ್ನು ಸುಮಾರು 1,000 ಕೋಟಿ ಡಾಲರಿನ ಆಸುಪಾಸಿಗೆ ಮಿತಿಗೊಳಿಸಿ, ಮೇಲಿನ ಲಾಭವನ್ನು ಹಂಚಿಬಿಡುತ್ತಿದ್ದರು. ಹೊರಗಿನವರಿಗಾಗಿ ಅದೇ ಕಂಪನಿ ಬೇರೆ ಫಂಡುಗಳನ್ನು ತೆರೆಯಿತು. 2020ರಲ್ಲಿ ಮೆಡಾಲಿಯನ್ ಶೇ 76ರಷ್ಟು ಏರಿದಾಗ ಹೊರಗಿನವರ ಮುಖ್ಯ ಷೇರು ಫಂಡ್ ಸುಮಾರು ಐದನೇ ಒಂದು ಭಾಗ ಕಳೆದುಕೊಂಡಿತು.

ಪ್ರಶ್ನೆ: ಸೈಮನ್ಸ್ ಮಾದರಿಯ ಆಲ್ಗೊ (ತಾನಾಗಿಯೇ ಕೊಂಡು ಮಾರುವ ಕಂಪ್ಯೂಟರ್ ಕ್ರಮವಿಧಿ) ಎಂದು ಹೇಳಿ, ತಿಂಗಳಿಗೆ ಖಚಿತ ಲಾಭ ಕೊಡುವ ಸಾಫ್ಟ್‌ವೇರನ್ನು ನಮ್ಮೂರಲ್ಲಿ ಮಾರುತ್ತಿದ್ದಾರೆ. ಆಪ್ಷನ್ಸ್ (ಗೊತ್ತುಮಾಡಿದ ಬೆಲೆಗೆ ಮುಂದೆ ಕೊಳ್ಳುವ ಇಲ್ಲವೇ ಮಾರುವ ಹಕ್ಕು) ವಹಿವಾಟಿಗೆ ಅದನ್ನು ಕೊಳ್ಳಲೇ? – ದಾವಣಗೆರೆಯ ಓದುಗರು

ಉತ್ತರ: ದಯವಿಟ್ಟು ಕೊಳ್ಳಬೇಡಿ. ಮೇಲಿನ ನಾಣ್ಯದ ಲೆಕ್ಕಕ್ಕೇ ಮರಳಿ, ಪ್ರತಿ ಸಲ ಚಿಮ್ಮುವುದಕ್ಕೆ ದಲ್ಲಾಳಿ ಶುಲ್ಕ, ತೆರಿಗೆ ಎಲ್ಲ ಸೇರಿ ಎರಡೇ ರೂಪಾಯಿ ಖರ್ಚಾಗುತ್ತದೆ ಎನ್ನಿ. ಹತ್ತು ಸಾವಿರ ಸಲಕ್ಕೆ 20,000 ರೂಪಾಯಿ. ಗೆದ್ದದ್ದೆಲ್ಲ ಅಲ್ಲಿಗೇ ಮುಗಿಯಿತು. ನಿಮ್ಮ ನಾಣ್ಯ ಶೇ 51ರದ್ದಾಗಿರದೆ ಶೇ 50ರದ್ದೇ ಆಗಿದ್ದರೆ ಆ ಖರ್ಚು ನೇರವಾಗಿ ನಿಮ್ಮ ಗಂಟಿನಿಂದ ಹೋಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಂದಿನ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಒ (ವಾಯಿದಾ ಮತ್ತು ಆಪ್ಷನ್ಸ್) ವಹಿವಾಟು ನಡೆಸಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು. ಅದೇ ವರದಿಯು, ವಿದೇಶಿ ಹೂಡಿಕೆದಾರರ ಮತ್ತು ದೊಡ್ಡ ವಹಿವಾಟು ಸಂಸ್ಥೆಗಳ ಲಾಭದ ಬಹುಪಾಲು ಆಲ್ಗೊ ವಹಿವಾಟಿನಿಂದಲೇ ಬಂದಿದೆ ಎಂದೂ ಹೇಳಿದೆ. ಅಂದರೆ ನೀವು ಮೇಜಿನ ಈಚೆ ಕುಳಿತಾಗ ಆಚೆ ಕುಳಿತಿರುವುದು ಸೈಮನ್ಸ್ ಅವರ ದಾರಿ ಹಿಡಿದ ಅಂಥ ತಂಡಗಳೇ. ಲಾಭದ ಸೂತ್ರ ನಿಜವಾಗಿ ಕೈಯಲ್ಲಿದ್ದವರು ತಮ್ಮ ಸ್ವಂತ ಹೂಡಿಕೆದಾರರನ್ನೇ ಹೊರಗೆ ಕಳುಹಿಸಿದರು ಎಂಬುದನ್ನು ಆ ಸಾಫ್ಟ್‌ವೇರ್ ಮಾರುವವರ ಮುಂದೆ ಇಟ್ಟು ನೋಡಿ.

ಪ್ರಶ್ನೆ: ಈ ಫಂಡ್ ತೆರಿಗೆ ತಪ್ಪಿಸಿತ್ತು ಎನ್ನುತ್ತಾರೆ, ನಿಜವೇ? – ತುಮಕೂರಿನ ಓದುಗರು

ಉತ್ತರ: ತೆರಿಗೆ ಇಲಾಖೆಯೊಂದಿಗೆ ದೀರ್ಘ ವ್ಯಾಜ್ಯ ನಡೆದದ್ದು ನಿಜ. ಫಂಡ್ ತನ್ನ ವಹಿವಾಟುಗಳನ್ನು ಬ್ಯಾಂಕುಗಳ ಹೆಸರಿನ ಖಾತೆಯಲ್ಲಿ ನಡೆಸಿ, ಆ ಖಾತೆಯ ಮೇಲಿನ ಆಪ್ಷನ್ನನ್ನು ಮಾತ್ರ ಒಂದು ವರ್ಷಕ್ಕೂ ಮೇಲ್ಪಟ್ಟು ತನ್ನಲ್ಲಿ ಇಟ್ಟುಕೊಳ್ಳುತ್ತಿತ್ತು. ದಿನಗಳ ಲೆಕ್ಕದ ವ್ಯಾಪಾರದಿಂದ ಬಂದ ಲಾಭಕ್ಕೆ ಹೀಗೆ ದೀರ್ಘಾವಧಿ ಹೂಡಿಕೆಯ ಕಡಿಮೆ ತೆರಿಗೆ ದರ ಸಿಗುತ್ತಿತ್ತು. 2014ರಲ್ಲಿ ಅಮೆರಿಕದ ಸೆನೆಟ್ ಉಪಸಮಿತಿ ಇದನ್ನು ಬಹಿರಂಗವಾಗಿ ವಿಚಾರಿಸಿತು. 2021ರಲ್ಲಿ ಒಪ್ಪಂದವಾಗಿ, ಪಾಲುದಾರರು ಕಟ್ಟಬೇಕಾದ ಮೊತ್ತ 700 ಕೋಟಿ ಡಾಲರಿನವರೆಗೆ ಆಗಬಹುದೆಂದು ವರದಿಯಾಯಿತು. ಸೈಮನ್ಸ್ ಒಬ್ಬರೇ ಹೆಚ್ಚುವರಿಯಾಗಿ 67 ಕೋಟಿ ಡಾಲರ್ ಕಟ್ಟಲು ಒಪ್ಪಿದರು. ಅವರ ದಾನಗಳನ್ನು ಮನಸಾರೆ ಮೆಚ್ಚುವ ನಾನು, ಈ ಅಧ್ಯಾಯವನ್ನು ಬಿಟ್ಟು ಅವರ ಬದುಕನ್ನು ಹೇಳುವುದು ಸರಿಯಲ್ಲ ಎಂದು ನಂಬಿದ್ದೇನೆ.

ಪ್ರಶ್ನೆ: ಅಷ್ಟು ಹಣವನ್ನು ಅವರು ಏನು ಮಾಡಿದರು? ನಮ್ಮ ನಾಡಿಗೆ ಅದರಿಂದ ಏನಾದರೂ ಬಂದಿದೆಯೇ? – ಮೈಸೂರಿನ ಎಂ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ಪತ್ನಿ ಮರಿಲಿನ್ ಅವರೊಂದಿಗೆ 1994ರಲ್ಲಿ ಸೈಮನ್ಸ್ ಫೌಂಡೇಶನ್ ಸ್ಥಾಪಿಸಿ, ತಕ್ಷಣದ ಪ್ರಯೋಜನ ಕಾಣದ ಮೂಲವಿಜ್ಞಾನಕ್ಕೆ ಹಣ ಒದಗಿಸತೊಡಗಿದರು. 2004ರಿಂದ ನ್ಯೂಯಾರ್ಕಿನ ಶಾಲೆಗಳ ಗಣಿತ ಶಿಕ್ಷಕರಿಗೆ ಸಂಬಳದ ಮೇಲೆ ಗೌರವಧನ ಕೊಡಿಸಿದರು. 2023ರಲ್ಲಿ, ತಾವು ಬಿಟ್ಟುಬಂದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯಕ್ಕೆ ಅವರ ಫೌಂಡೇಶನ್ 50 ಕೋಟಿ ಡಾಲರ್ ಕೊಡುವುದಾಗಿ ಘೋಷಿಸಿತು.

ಈ ಸಿರಿವಂತಿಕೆಯ ನಡುವೆಯೇ ಅವರು ಇಬ್ಬರು ಮಕ್ಕಳನ್ನು ಕಳೆದುಕೊಂಡರು. ಪಾಲ್ 1996ರಲ್ಲಿ ಸೈಕಲ್ ತುಳಿಯುತ್ತಿದ್ದಾಗ ಕಾರು ಬಡಿದು ತೀರಿಕೊಂಡರು; 24ರ ಹರೆಯದ ನಿಕ್ 2003ರಲ್ಲಿ ಬಾಲಿಯಲ್ಲಿ ನೀರಿನಲ್ಲಿ ಮುಳುಗಿದರು. ನಿಕ್ ಕೆಲಕಾಲ ಇದ್ದು ಪ್ರೀತಿಸಿದ ನೇಪಾಳದಲ್ಲಿ ತಂದೆತಾಯಿ ಅವರ ಹೆಸರಿನ ಸಂಸ್ಥೆಯನ್ನು ಕಟ್ಟಿದರು. ಗುಡ್ಡಗಾಡಿನ ಆಸ್ಪತ್ರೆಗಳಲ್ಲಿ ಹೆರಿಗೆ ಮಾಡಿಸುವ, ಅರಿವಳಿಕೆ ಕೊಡುವ ಸಿಬ್ಬಂದಿಯನ್ನು ಅದು ತರಬೇತುಗೊಳಿಸುತ್ತದೆ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಬೆಂಗಳೂರಿನಲ್ಲಿದೆ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸೈಮನ್ಸ್ ಫೌಂಡೇಶನ್ ನೆರವಿನಿಂದ ‘ಜೀವಂತ ಯಂತ್ರಗಳ ಅಧ್ಯಯನ ಕೇಂದ್ರ’ ಆರಂಭವಾಯಿತು. ಅದು ಇಂದಿಗೂ ಅವರ ಹೆಸರಿನಲ್ಲೇ ಇದೆ. ಜೀವಕೋಶಗಳು, ಅಂಗಾಂಶಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಅಲ್ಲಿ ಭೌತವಿಜ್ಞಾನ ಮತ್ತು ಗಣಿತ ಓದಿದವರು ಜೀವವಿಜ್ಞಾನಿಗಳ ಜೊತೆ ಸೇರಿ ಅಧ್ಯಯನ ಮಾಡುತ್ತಾರೆ. ಹೆಸರಘಟ್ಟದ ಬಳಿಯ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರಕ್ಕೂ ಅದೇ ಫೌಂಡೇಶನ್ನಿನ ನೆರವು ಸಂದಿದೆ. ನೀವು ಯಾವ ವಿಷಯದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೀರೆಂದು ಬರೆದಿಲ್ಲ, ಗಣಿತವೋ ಭೌತವಿಜ್ಞಾನವೋ ಆಗಿದ್ದರೆ, ಪಿಎಚ್‌.ಡಿ.ಗೆ ಅರ್ಜಿ ಹಾಕುವಾಗ ಈ ಎರಡೂ ಕೇಂದ್ರಗಳನ್ನು ನಿಮ್ಮ ಪಟ್ಟಿಯಲ್ಲಿ ಸೇರಿಸಿಕೊಳ್ಳಿ.