ಪ್ರತಿಕ್ರಿಯೆ: ಡ್ರೈನ್ ಇರುವಾಗ ಯಾವ ಬಟ್ಟೆ?

ಮೇಡಂ, ಮುಂದಿನ ವಾರ ಸ್ತನ ತೆಗೆಯುವ ಆಪರೇಷನ್, ಡ್ರೈನ್ (ಗಾಯದ ನೀರು ಹೊರಗಿನ ಡಬ್ಬಿಗೆ ಹರಿಯಲು ಹಾಕುವ ಕೊಳವೆ) ಇರುವಾಗ ಏನು ಹಾಕಿಕೊಳ್ಳಲಿ ಎಂದು ಕೇಳಿದ್ದೀರಿ. ಮುಂದೆ ಪೂರ್ತಿ ಗುಂಡಿಯಿರುವ, ಸಡಿಲವಾದ ಹತ್ತಿಯ ನೈಟಿ ಮೂರಾದರೂ ಇಟ್ಟುಕೊಳ್ಳಿ. ತಲೆಯ ಮೇಲಿಂದ ಹಾಕುವುದು ಬೇಡ, ಕೈ ಎತ್ತುವುದೇ ಕಷ್ಟ. ಡ್ರೈನ್ ಡಬ್ಬಿಗೆ ಹಳೇ ಸೀರೆಯಲ್ಲಿ ಪುಟ್ಟ ಚೀಲ ಹೊಲಿದು ಕೊರಳಿಗೆ ಹಾಕಿಕೊಳ್ಳಿ. ಇದು ನನಗೆ ಪಕ್ಕದ ಬೆಡ್ಡಿನ ಅಕ್ಕ ಹೇಳಿಕೊಟ್ಟ ಉಪಾಯ, ನರ್ಸ್ ಅಲ್ಲ!

ಡಬ್ಬಿಗೆ ದಿನಾ ಎಷ್ಟು ನೀರು ಬಂತು ಬರೆದಿಡಿ. ಸಾಮಾನ್ಯವಾಗಿ 24 ಗಂಟೆಗೆ 30 ಎಂ.ಎಲ್.ಗಿಂತ ಕಡಿಮೆಯಾದ ಮೇಲೆ ಡ್ರೈನ್ ತೆಗೆಯುತ್ತಾರೆ. ಜ್ವರ ಬಂದರೆ, ಗಾಯ ಕೆಂಪಾಗಿ ಊದಿದರೆ ಕಾಯಬೇಡಿ, ಆಸ್ಪತ್ರೆಗೆ ಫೋನ್ ಮಾಡಿ.

ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮವನ್ನು ಡಾಕ್ಟರ್ ಹೇಳಿದ ದಿನವೇ ಶುರುಮಾಡಿ. ನಾನು ಸೋಮಾರಿತನ ಮಾಡಿದೆ, ಭುಜ ಬಿಗಿದುಕೊಂಡಿತು. ಆಪರೇಷನ್ ಹಿಂದಿನ ರಾತ್ರಿ ನಿದ್ದೆ ಬರದಿದ್ದರೆ ಇಲ್ಲೇ ಬರೆಯಿರಿ, ನಾನು ಎದ್ದಿರುತ್ತೇನೆ.