ನಿಮ್ಮ ಕಿಸೆಯಲ್ಲಿ ಯಾವ ಚಾಕು? ಓದುಗರ ಪ್ರಶ್ನೆಗಳಿಗೆ ಉತ್ತರ

ದಿನಾ ಕಿಸೆಯಲ್ಲಿ ಇಟ್ಟುಕೊಳ್ಳುವ ಹಳೇ ಮಾದರಿಯ ಮಡಚುವ ಚಾಕುಗಳ ಫೋಟೊ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಫೋಟೊ ಬಂದವು, ಜೊತೆಗೆ ಪ್ರಶ್ನೆಗಳೂ ಬಂದವು. ಹೊಳೆಯುವ ಹೊಸ ಚಾಕುಗಳಿಗಿಂತ ಸವೆದು ಕಪ್ಪಾದವೇ ಜಾಸ್ತಿ ಇದ್ದವು. ಅದು ನನಗೆ ತುಂಬಾ ಖುಷಿ ಕೊಟ್ಟಿತು.

ಪ್ರಶ್ನೆ: ನನ್ನದು ಕಾರ್ಬನ್ ಸ್ಟೀಲಿನ ಒಪಿನೆಲ್ (ಮರದ ಹಿಡಿಯ ಫ್ರೆಂಚ್ ಮಡಚುವ ಚಾಕು), 8ನೇ ನಂಬರು. ದಿನಾ ಹಣ್ಣು ಕುಯ್ಯುತ್ತೇನೆ. ಒಂದೇ ವಾರಕ್ಕೆ ಅಲಗು ಬೂದು ಬಣ್ಣಕ್ಕೆ ತಿರುಗಿದೆ, ಅಲ್ಲಲ್ಲಿ ನೀಲಿ ಕಲೆ. ಹಾಳಾಯಿತಾ?

ಉತ್ತರ: ಇಲ್ಲ, ಹಾಳಾಗಿಲ್ಲ. ದಯವಿಟ್ಟು ಉಜ್ಜಿ ತೆಗೆಯಬೇಡಿ! ಹಣ್ಣಿನ ಹುಳಿ ಉಕ್ಕಿಗೆ ತಾಗಿದಾಗ ಮೇಲೆ ಒಂದು ತೆಳು ಪದರ ಕಟ್ಟುತ್ತದೆ, ಅದಕ್ಕೆ ಪ್ಯಾಟಿನಾ ಅನ್ನುತ್ತಾರೆ. ಸ್ಟೇನ್‌ಲೆಸ್ ಉಕ್ಕನ್ನು ಅದರೊಳಗಿನ ಕ್ರೋಮಿಯಂ ಕಾಯುತ್ತದೆ. ಕಾರ್ಬನ್ ಸ್ಟೀಲಿನಲ್ಲಿ ಅಷ್ಟು ಕ್ರೋಮಿಯಂ ಇರುವುದಿಲ್ಲ, ಅದಕ್ಕೇ ಮುಟ್ಟಿದ್ದೆಲ್ಲ ಅದರ ಮೇಲೆ ಗುರುತು ಬಿಡುತ್ತದೆ. ಬೂದು, ನೀಲಿ, ಕಪ್ಪು ಬಂದರೆ ಚಿಂತೆ ಬೇಡ. ಕೆಂಪು ಅಥವಾ ಕಿತ್ತಳೆ ಬಂದರೆ ಮಾತ್ರ ಅದು ತುಕ್ಕು, ಒಳಕ್ಕೆ ತಿನ್ನುತ್ತಾ ಹೋಗುತ್ತದೆ. ಕಪ್ಪು ಪದರ ತುಕ್ಕನ್ನು ಸ್ವಲ್ಪ ತಡೆಯುತ್ತದೆ, ಪೂರ್ತಿ ತಡೆಯುವುದಿಲ್ಲ. ಹಾಗಾಗಿ ಕುಯ್ದ ತಕ್ಷಣ ಒರೆಸಿ, ಒಣಗಿಸಿ, ಆಮೇಲೆ ಮಡಚಿ. ಹಸಿ ಅಲಗನ್ನು ಮಡಚಿ ಕಿಸೆಗೆ ಹಾಕುವ ಅಭ್ಯಾಸವೊಂದನ್ನು ಬಿಟ್ಟರೆ ಅರ್ಧ ಕೆಲಸ ಆದ ಹಾಗೆ. ಕೆಂಪು ಚುಕ್ಕಿ ಕಂಡರೆ ಒಂದು ಹನಿ ಎಣ್ಣೆ ಹಾಕಿ, ತುಂಬಾ ನಯವಾದ ಸ್ಟೀಲ್ ವುಲ್‌ನಿಂದ ಮೆತ್ತಗೆ ಉಜ್ಜಿ, ಅದೂ ಆ ಜಾಗವನ್ನಷ್ಟೇ.

ಪ್ರಶ್ನೆ: ನನ್ನದೂ ಒಪಿನೆಲ್. ನೀರು ತಾಗಿದ ಮೇಲೆ ತೆರೆಯೋಕೇ ಆಗುತ್ತಿಲ್ಲ, ಉಗುರು ಕಿತ್ತು ಬರುವಷ್ಟು ಬಿಗಿ.

ಉತ್ತರ: ಮರ ನೀರು ಕುಡಿದು ಊದಿಕೊಂಡಿದೆ, ಅಷ್ಟೇ. ಮೊದಲು ಅಲಗಿನ ಬುಡದ ಬಳಿ ತಿರುಗುವ ಲೋಹದ ಉಂಗುರ ಲಾಕ್ ಆಗಿದೆಯಾ ನೋಡಿ, ಆಗಿದ್ದರೆ ಬಿಡಿಸಿ. ಆಮೇಲೆ ಹಿಡಿಯ ಹಿಂತುದಿಯನ್ನು ಗಟ್ಟಿಯಾದ ಜಾಗಕ್ಕೆ ಟಕ್ ಎಂದು ತಟ್ಟಿ. ಅಲಗಿನ ತುದಿ ಹೊರಗೆ ಇಣುಕುತ್ತದೆ, ಅದನ್ನು ಹಿಡಿದು ತೆರೆಯಬಹುದು. ಈ ಚಾಕು ಹುಟ್ಟಿದ ಫ್ರಾನ್ಸಿನ ಸವಾಯ್ ಪ್ರದೇಶದವರ ಹಳೇ ಉಪಾಯವಿದು. ಅಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಇದನ್ನು ಮಾಡಿದಾಗ ಆ ಉಂಗುರ ಇರಲೇ ಇಲ್ಲ, ಅದು ಬಂದದ್ದು 1955ರಲ್ಲಿ. ಬಿಸಿಲಿಗೋ ಹೀಟರ್ ಮುಂದೆಯೋ ಇಟ್ಟು ಒಣಗಿಸಬೇಡಿ, ಮರ ಸೀಳುತ್ತದೆ. ನೆರಳಲ್ಲಿ ತಾನಾಗಿ ಒಣಗಲಿ.

ಪ್ರಶ್ನೆ: ಲಾಕ್ ಇಲ್ಲದ ಚಾಕು ಅಪಾಯ ಅಲ್ವಾ? ಈ ಕಾಲದಲ್ಲೂ ಅದನ್ನೇಕೆ ಇಟ್ಟುಕೊಳ್ಳುತ್ತೀರಿ?

ಉತ್ತರ: ನೀವು ಹೇಳುವುದು ಸ್ಲಿಪ್‌ಜಾಯಿಂಟ್ ಬಗ್ಗೆ. ಹಿಡಿಯ ಬೆನ್ನಿನಲ್ಲಿರುವ ಸ್ಪ್ರಿಂಗ್ ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ, ಬೇರೆ ಯಾವ ತಡೆಯೂ ಇಲ್ಲ. ಅಲಗಿನ ಹರಿತವಾದ ಅಂಚನ್ನು ಒತ್ತಿ ಕುಯ್ಯುವಾಗ ಅಲಗು ಮಡಚಿಕೊಳ್ಳುವುದಿಲ್ಲ, ಇನ್ನೂ ಗಟ್ಟಿಯಾಗಿ ತೆರೆದೇ ನಿಲ್ಲುತ್ತದೆ. ತುದಿಯಿಂದ ಚುಚ್ಚಿದಾಗ, ಅಲಗಿನ ಬೆನ್ನಿನ ಮೇಲೆ ಭಾರ ಬಿದ್ದಾಗ ಅಪಾಯ. ನಾನೇ ಒಮ್ಮೆ ಗಟ್ಟಿ ಪ್ಲಾಸ್ಟಿಕ್ಕಿಗೆ ತೂತು ಮಾಡಲು ಹೋಗಿ ತುದಿಯನ್ನು ತಿರುಗಿಸಿದೆ, ಅಲಗು ಮಡಚಿಕೊಂಡು ತೋರುಬೆರಳಿನ ಮೇಲೆ ಬಿತ್ತು. ಗಾಯದ ಗುರುತು ಈಗಲೂ ಇದೆ. ಅವತ್ತಿನಿಂದ ಚುಚ್ಚುವ ಕೆಲಸಕ್ಕೆ ದಬ್ಬಳವೇ.

ಆದರೂ ಸ್ಲಿಪ್‌ಜಾಯಿಂಟನ್ನೇ ಇಟ್ಟುಕೊಳ್ಳುತ್ತೇನೆ. ತೆಳ್ಳಗಿರುತ್ತದೆ, ಕಿಸೆಯಲ್ಲಿ ಭಾರ ಗೊತ್ತಾಗುವುದಿಲ್ಲ, ಹಗ್ಗ, ಡಬ್ಬ, ಹಣ್ಣು ಕುಯ್ಯಲು ಬೇರೇನೂ ಬೇಕಿಲ್ಲ. ಚೆನ್ನಾಗಿ ಮಾಡಿದ ಸ್ಲಿಪ್‌ಜಾಯಿಂಟ್ ತೆರೆದಾಗ ಬರುವ ಆ 'ಕಟಕ್' ಸದ್ದು ಕೇಳಿದವರಿಗೆ ಮಿಕ್ಕದ್ದನ್ನು ವಿವರಿಸಬೇಕಾಗಿಲ್ಲ. ಕಾನೂನಿನ ಮಾತೂ ಇದೆ. ಬ್ರಿಟನ್ನಿನಲ್ಲಿ 3 ಇಂಚು ಮೀರದ ಅಲಗಿನ, ಲಾಕ್ ಇಲ್ಲದ ಮಡಚುವ ಚಾಕುವನ್ನು ಕಾರಣ ಕೊಡದೆ ಇಟ್ಟುಕೊಳ್ಳಬಹುದು, ಲಾಕ್ ಇದ್ದರೆ ಆಗುವುದಿಲ್ಲ. ನೀವಿರುವ ಕಡೆ ನಿಯಮ ಬೇರೆ ಇರಬಹುದು, ತಿಳಿದುಕೊಂಡೇ ಕಿಸೆಗೆ ಹಾಕಿ.

ಪ್ರಶ್ನೆ: ವಿಮಾನದಲ್ಲಿ?

ಉತ್ತರ: ಕೈಚೀಲದಲ್ಲಿ ಬೇಡ. ಚೆಕ್-ಇನ್ ಮಾಡುವ ಪೆಟ್ಟಿಗೆಯಲ್ಲಿ ಹಾಕಿ. ಮನೆ ಬಿಡುವ ಮುಂಚೆ ಎಲ್ಲ ಕಿಸೆ ತಡಕಿ ನೋಡಿ.

ಪ್ರಶ್ನೆ: ಒಪಿನೆಲ್, ಸ್ವಿಸ್ ಚಾಕು ಬಿಟ್ಟು ಬೇರೆ ಹಳೇ ಮಾದರಿ ಯಾವುದಿದೆ?

ಉತ್ತರ: ಬೇಕಾದಷ್ಟಿವೆ. ನನಗೆ ಬಲು ಇಷ್ಟವಾದದ್ದು ಜಪಾನಿನ ಮಿಕಿ ಊರಿನ ಹಿಗೊನೊಕಾಮಿ. ಸ್ಪ್ರಿಂಗ್ ಇಲ್ಲ, ಲಾಕ್ ಇಲ್ಲ. ಮಡಚಿದ ತಗಡಿನ ಹಿಡಿ, ಅಲಗಿನ ಬುಡದಲ್ಲಿ ಒಂದು ಪುಟ್ಟ ಬಾಲ. ಆ ಬಾಲವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದರೆ ಅಲಗು ತೆರೆದಿರುತ್ತದೆ. ಒಂದು ಕಾಲದಲ್ಲಿ ಅಲ್ಲಿನ ಶಾಲೆ ಮಕ್ಕಳು ಪೆನ್ಸಿಲ್ ಕೆತ್ತುತ್ತಿದ್ದದ್ದು ಇದರಲ್ಲೇ. ಫ್ರಾನ್ಸಿನ ತಿಯೇರ್ ಊರಿನ ಡೂಕ್-ಡೂಕ್ 1929ರಿಂದ ಬರುತ್ತಿದೆ, ಅದಕ್ಕೂ ತಗಡಿನ ಹಿಡಿಯೇ, ಆದರೆ ಸ್ಪ್ರಿಂಗ್ ಮಾತ್ರ ಭಾರಿ ಬಿಗಿ. ಮೂರು ಅಲಗು ಬೇಕೆಂದರೆ ಅಮೆರಿಕದ ದನ ಸಾಕುವವರ ಸ್ಟಾಕ್‌ಮನ್ ಇದೆ. ಅದರ ಮೊಂಡು ತುದಿಯ ಅಲಗು ಹೋರಿಗಳ ಬೀಜ ತೆಗೆಯಲೆಂದೇ ಹುಟ್ಟಿದ್ದು.

ಪ್ರಶ್ನೆ: ತೀರಿಕೊಂಡ ಅಜ್ಜನ ಪೆಟ್ಟಿಗೆಯಲ್ಲಿ ಎರಡು ಅಲಗಿನ ಚಾಕು ಸಿಕ್ಕಿತು. ಮೂಳೆ ಹಿಡಿ, ಎರಡೂ ಅಲಗು ಸಿಕ್ಕಿಹಾಕಿಕೊಂಡಿವೆ. ಪಾಲಿಶ್ ಮಾಡಿಸಿ, ಸಾಣೆ ಹಿಡಿಸಿ ಹೊಸದರಂತೆ ಮಾಡಲಾ?

ಉತ್ತರ: ಬೇಡ, ಮಾಡಿಸಬೇಡಿ. ಸಾಣೆಯ ಚಕ್ರಕ್ಕೆ ಕೊಟ್ಟರೆ ಬಿಸಿಗೆ ಉಕ್ಕಿನ ಹದ ಹೋಗಬಹುದು, ಅಜ್ಜ ಎಷ್ಟೋ ವರ್ಷ ಮಸೆದು ಉಳಿಸಿಕೊಂಡ ಅಲಗು ಒಂದೇ ನಿಮಿಷದಲ್ಲಿ ಅರ್ಧ ಸವೆಯುತ್ತದೆ. ಅವರ ಕೈ ಆಡಿದ ಗುರುತೂ ಪಾಲಿಶ್ ಜೊತೆಗೇ ಹೋಗುತ್ತದೆ. ಅಲಗು ತಿರುಗುವ ಕೀಲಿಗೆ ತೆಳು ಎಣ್ಣೆ ಬಿಟ್ಟು ಒಂದೆರಡು ದಿನ ಸುಮ್ನೆ ಇಡಿ. ಅಡುಗೆ ಎಣ್ಣೆ ಬೇಡ, ಅದು ಅಂಟಾಗುತ್ತದೆ. ಮೂಳೆಯನ್ನು ನೀರಲ್ಲಿ ನೆನೆಸಬೇಡಿ. ಆಮೇಲೆ ನಿಧಾನವಾಗಿ ತೆರೆದು ಮಡಚಿ, ಕಪ್ಪು ಕೊಳೆ ಹೊರಬರುತ್ತದೆ, ಒರೆಸಿ, ಮತ್ತೆ ಎಣ್ಣೆ ಬಿಡಿ. ಇಕ್ಕಳ ಹಾಕಿ ಎಳೆಯಬೇಡಿ. ಸಲೀಸಾದ ಮೇಲೆ ನುಣುಪಾದ ಮಸೆಯುವ ಕಲ್ಲಿನಲ್ಲಿ, ಪ್ರತಿ ಬದಿಗೆ 15ರಿಂದ 20 ಡಿಗ್ರಿ ಓರೆಯಲ್ಲಿ, ಮೆತ್ತಗೆ ಮಸೆಯಿರಿ.

ಅಲಗಿನ ಬುಡದಲ್ಲಿ ಮುದ್ರೆ ಇದೆಯಾ ನೋಡಿ. ಕೆಲವರು ಅದರಲ್ಲೇ ವರ್ಷ ಬರೆದಿರುತ್ತಾರೆ. ಅಮೆರಿಕದ ಕೇಸ್ ಕಂಪನಿ 1970ರಲ್ಲಿ ಹೆಸರಿನ ಕೆಳಗೆ 10 ಚುಕ್ಕಿ ಹಾಕಿ, ಆಮೇಲೆ ವರ್ಷಕ್ಕೊಂದು ಚುಕ್ಕಿ ಕಡಿಮೆ ಮಾಡುತ್ತಾ ಬಂತು. ಮುದ್ರೆ ಕಾಣುವ ಹಾಗೆ ಓರೆ ಬೆಳಕಿನಲ್ಲಿ ಒಂದು ಫೋಟೊ ತೆಗೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಎಲ್ಲರೂ ಸೇರಿ ನೋಡೋಣ.